ಮಾವನ ಹೈಡ್ರಾ ಪಂಪ್ ಡ್ರೈವ್ ರಿಪೇರಿ, ಇಲ್ಲಿವರೆಗೆ ಆಗಿದ್ದು

ಮಾವನ ಹತ್ರ ಒಂದು ಹಳೇ 12 ಟನ್ ಹೈಡ್ರಾ ಇದೆ. ಹೈಡ್ರಾ ಗೊತ್ತಲ್ಲ, ಮುಂದೆ ಬೂಮ್ ಚಾಚ್ಕೊಂಡು ತಿರುವಲ್ಲಿ ಸೊಂಟ ಬಳುಕಿಸ್ಕೊಂಡು ಹೋಗುತ್ತಲ್ಲ ಆ ಕ್ರೇನು. ಹೆಸರು ಎಸ್ಕಾರ್ಟ್ಸ್ ಕಂಪನಿದು, ಆದ್ರೆ ಈಗ ಯಾರ ಗಾಡಿ ಆದ್ರೂ ಜನ ಹೈಡ್ರಾ ಅಂತಾನೇ ಕರೆಯೋದು, ಝೆರಾಕ್ಸ್ ಇದ್ದ ಹಾಗೆ. ಮಾವ ಇದನ್ನ ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡಲ್ಲಿ ತಗೊಂಡು ಶಿವಮೊಗ್ಗ ಹತ್ರ ಮಾಚೇನಹಳ್ಳಿ ಕಡೆ ಮೆಷಿನ್ ಇಳಿಸೋದು, ಶೆಡ್ಡಿಗೆ ಟ್ರಸ್ ಏರಿಸೋದು ಅಂತ ಓಡಿಸ್ತಿದಾರೆ. ಈ ಎರಡು ವರ್ಷದಲ್ಲಿ ಬೂಮಿಗೂ ಸ್ಟೇರಿಂಗಿಗೂ ಆಯಿಲ್ ಒತ್ತೋ ಪಂಪ್ ಎರಡು ಸಲ ಬದಲಾಗಿದೆ, ಈಗ ಮೂರನೇದೂ ಕಿರುಚೋಕೆ ಶುರು. ನನ್ನ ಕೆಲಸ ಸಿಎನ್‌ಸಿ ಶಾಪಲ್ಲಿ, ಕ್ರೇನ್ ಮೆಕ್ಯಾನಿಕ್ ಅಲ್ಲ. ಆದ್ರೆ ಮಾವ ಫೋನ್ ಮಾಡಿ "ಪಂಪ್ ಮತ್ತೆ ಹೋಯ್ತು ಕಣೋ, ಭಾನುವಾರ ಬಂದು ಒಂದ್ಸಲ ನೋಡು ಮಾರಾಯ" ಅಂದ್ರು, ಒಂದ್ಸಲ ನೋಡಕ್ಕೆ ಹೋದವನು ಆರು ಭಾನುವಾರ ಕಳೆದೆ.

ಮೊದಲನೇ ಭಾನುವಾರ

ಸ್ಟಾರ್ಟ್ ಮಾಡಿ ಕೇಳಿದೆ. ಐಡ್ಲಿಂಗಲ್ಲಿ ಸುಮ್ನೆ ಇರುತ್ತೆ, ಆಕ್ಸಿಲರೇಟರ್ ಒತ್ತಿದ್ರೆ ಮಿಕ್ಸಿಗೆ ಒಣಕೊಬ್ಬರಿ ಚೂರು ಹಾಕಿದ ಹಾಗೆ ಕರಕರ. ಬೂಮ್ ಪೂರ್ತಿ ಕೆಳಗಿಂದ ಪೂರ್ತಿ ಮೇಲಕ್ಕೆ 1800 ಆರ್‌ಪಿಎಮ್ಮಲ್ಲಿ 31 ಸೆಕೆಂಡ್. ಲಿಫ್ಟ್ ಸಿಲಿಂಡರ್ ಎರಡು, 125 ಎಂಎಂ ಬೋರ್, 1000 ಎಂಎಂ ಸ್ಟ್ರೋಕ್, ಅಂದ್ರೆ ಎರಡಕ್ಕೂ ಸೇರಿ ಸುಮಾರು 24.5 ಲೀಟರ್ ಆಯಿಲ್ ಹೋಗ್ಬೇಕು. 31 ಸೆಕೆಂಡಿಗೆ ಲೆಕ್ಕ ಹಾಕಿದ್ರೆ ನಿಮಿಷಕ್ಕೆ 47 ಲೀಟರ್. ಪಂಪ್ ಟ್ಯಾಂಡೆಮ್ ಗೇರ್ ಪಂಪು, ಅಂದ್ರೆ ಒಂದೇ ಶಾಫ್ಟಲ್ಲಿ ಎರಡು ಪಂಪು, ಬೂಮ್ ಕಡೆದು ಸುತ್ತಿಗೆ 45 ಸಿಸಿ, ಹಿಂದೆ ಸ್ಟೇರಿಂಗಿಗೆ 14 ಸಿಸಿ. 45 ಸಿಸಿದು 1800ರಲ್ಲಿ 81 ಲೀಟರ್ ಕೊಡ್ಬೇಕು. ಅರ್ಧಕ್ಕರ್ಧ ಹತ್ರ ಹತ್ರ ಎಲ್ಲೋ ಸೋರಿ ಹೋಗ್ತಿದೆ ಇಲ್ಲಾ ಒಳಗೆ ಬರ್ತಾನೇ ಇಲ್ಲ.

ಆಪರೇಟರ್ ಅಣ್ಣ ಹೇಳಿದ್ದು ಸಕ್ಷನ್ನಲ್ಲಿ, ಅಂದ್ರೆ ಟ್ಯಾಂಕಿಂದ ಪಂಪಿಗೆ ಆಯಿಲ್ ಬರೋ ಲೈನಲ್ಲಿ, ಗಾಳಿ ಎಳೀತಿದೆ ಅಂತ. ಅದನ್ನ ನೋಡೋದು ಸುಲಭ, ಇಂಜಿನ್ ಓಡ್ತಿರುವಾಗಲೇ ಸಕ್ಷನ್ ಲೈನಿನ ಒಂದೊಂದು ಜಾಯಿಂಟಿಗೂ ದಪ್ಪಗೆ ಗ್ರೀಸ್ ಮೆತ್ತಿದ್ವಿ. ಗಾಳಿ ಎಳೀತಿದ್ರೆ ಗ್ರೀಸ್ ಮುಚ್ಚಿದ ತಕ್ಷಣ ಸೌಂಡ್ ಬದಲಾಗ್ಬೇಕು. ಏನೂ ಆಗ್ಲಿಲ್ಲ. ಟ್ಯಾಂಕ್ ಮುಚ್ಚಳ ತೆಗೆದು ನೋಡಿದ್ರೆ ಆಯಿಲಲ್ಲಿ ನೊರೆನೂ ಇಲ್ಲ. ಟ್ಯಾಂಕಿಗೆ ಗಾಳಿ ಬಿಡೋ ಬ್ರೀದರಲ್ಲಿ ಮಾತ್ರ ಕೆಮ್ಮಣ್ಣು ಗಟ್ಟಿ ಕೂತಿತ್ತು, ಡೀಸೆಲ್ಲಲ್ಲಿ ತೊಳೆದು ಹಾಕಿದೆ.

ಪಂಪ್ ಬಿಚ್ಚಿದ್ವಿ. ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಇಡೀ ಕಥೆ ಇಲ್ಲೇ ಇತ್ತು, ನನಗೆ ಆಮೇಲೆ ಅರ್ಥ ಆಯ್ತು ಅಷ್ಟೆ. ಇಂಜಿನ್ನಿಗೂ ಪಂಪಿಗೂ ಕೊಂಡಿಯಾಗಿರೋ ಕಪ್ಲಿಂಗ್ ಎಳೆದ ಕೂಡ್ಲೇ ಅದರ ಮಧ್ಯದ ಸ್ಪೈಡರ್ ರಬ್ಬರ್ ಚೂರು ಚೂರಾಗಿ ಕೆಳಗೆ ಬಿತ್ತು, ಹೊಸದು ಹಾಕಿ ನಾಲ್ಕು ತಿಂಗಳೂ ಆಗಿಲ್ಲ. ಪಂಪ್ ಶಾಫ್ಟಿನ ಸ್ಪ್ಲೈನ್, ಅಂದ್ರೆ ಉದ್ದುದ್ದ ಹಲ್ಲು, ಅದರ ಮೇಲೆ ಬೆರಳಿಟ್ರೆ ಕುಂಕುಮದ ಬಟ್ಟಲಿಗೆ ಇಟ್ಟ ಹಾಗೆ ಕೆಂಪು ಪುಡಿ ಅಂಟ್ಕೊಂಡು ಬಂತು. ಮಾವ ನೀರು ಬಿದ್ದು ತುಕ್ಕು ಹಿಡಿದಿರ್ಬೇಕು ಅಂದ್ರು. ನೀರಲ್ಲ ಅದು, ಹಲ್ಲಿಗೆ ಹಲ್ಲು ಸಣ್ಣಗೆ ಉಜ್ಜಿ ಉಜ್ಜಿ ಉದುರೋ ಕಬ್ಬಿಣದ ಪುಡಿ, ಫ್ರೆಟಿಂಗ್ ಅಂತಾರೆ. ಹಲ್ಲುಗಳ ಒಂದು ಮುಖ ಮೆಟ್ಟಿಲು ಹಾಗೆ ತಗ್ಗಾಗಿತ್ತು. ಒಳಗೆ ಸೈಡ್ ಪ್ಲೇಟ್ ನೋಡಿದ್ರೆ, ನಯವಾಗಿರ್ಬೇಕಾದ ಕಡೆ ರಾಗಿ ಕಾಳು ಒತ್ತಿ ತೆಗೆದ ಹಾಗೆ ಸಣ್ಣ ಸಣ್ಣ ಗುಂಡಿ.

ಕೆಂಪು ಪುಡಿ ಒಂದು ಕಾಯಿಲೆ, ಗುಂಡಿ ಇನ್ನೊಂದು ಕಾಯಿಲೆ. ಮೊದಲನೇದು ತಿರುಗಿಸೋ ಕಡೆಯಿಂದ ಬಂದಿದ್ದು, ಎರಡನೇದು ಆಯಿಲ್ ಸಾಕಾಗದೇ ಬಂದಿದ್ದು. ಪಂಪ್ ತಯಾರಿಸಿದವ್ರ ತಪ್ಪು ಎರಡರಲ್ಲೂ ಕಾಣಿಸ್ಲಿಲ್ಲ.

ಎರಡನೇ ಭಾನುವಾರ

ಸಕ್ಷನ್ ಹೋಸ್ ಅಳೆದೆ. ಒಳಗೆ ಒಂದೂಕಾಲು ಇಂಚು. ಟ್ಯಾಂಕಿನ ಬಾಯಿ ಮಾತ್ರ 2 ಇಂಚು, ಅದಕ್ಕೊಂದು ರೆಡ್ಯೂಸರ್ ವೆಲ್ಡ್ ಮಾಡಿದಾರೆ. ಎರಡೂ ಪಂಪಿಗೆ ಸಕ್ಷನ್ ಒಂದೇ, ಸೇರಿ 59 ಸಿಸಿ, 1800ಕ್ಕೆ 106 ಲೀಟರ್. ಒಂದೂಕಾಲು ಇಂಚಿನ ಪೈಪಲ್ಲಿ ಇಷ್ಟು ಆಯಿಲ್ ಹೋಗ್ಬೇಕು ಅಂದ್ರೆ ಸೆಕೆಂಡಿಗೆ 2.2 ಮೀಟರ್ ವೇಗ. ಸಕ್ಷನ್ ಲೈನಲ್ಲಿ 1 ಮೀಟರ್ ಆಸುಪಾಸು ಇರ್ಬೇಕು, 2 ಇಂಚಿಗೆ ಲೆಕ್ಕ ಹಾಕಿದ್ರೆ 0.87, ಸರಿಯಾಗಿ ಕೂತ್ಕೊಳುತ್ತೆ. ಜನ ಪ್ರೆಶರ್ ಹೋಸಿಗೆ ದುಡ್ಡು ಸುರೀತಾರೆ, ಸಕ್ಷನ್ನಿಗೆ ಮಾತ್ರ ಏನೋ ಒಂದು ರಬ್ಬರ್ ಪೈಪ್ ಕ್ಲಿಪ್ ಹಾಕಿ ಬಿಗೀತಾರೆ. ಗೇರ್ ಪಂಪ್ ಆಯಿಲನ್ನ ಎಳೆಯಲ್ಲ ರೀ, ಅದು ಹಲ್ಲಿನ ಮಧ್ಯೆ ಜಾಗ ಖಾಲಿ ಮಾಡಿ ಕೊಡುತ್ತೆ ಅಷ್ಟೆ, ಆಯಿಲ್ ಒಳಗೆ ತಳ್ಳೋದು ಟ್ಯಾಂಕಿನ ಮೇಲಿರೋ ಗಾಳಿ ಒತ್ತಡ. ದಾರಿ ಇಕ್ಕಟ್ಟಾದ್ರೆ ಹಲ್ಲಿನ ಮಧ್ಯೆ ಗುಳ್ಳೆ ಏಳುತ್ತೆ, ಪ್ರೆಶರ್ ಕಡೆ ಹೋದ ತಕ್ಷಣ ಆ ಗುಳ್ಳೆ ಒಡೆದು ಲೋಹನೇ ಕಚ್ಚುತ್ತೆ. ಆ ರಾಗಿ ಗುಂಡಿ ಬಂದಿದ್ದು ಹಿಂಗೆ, ಒಣಕೊಬ್ಬರಿ ಸೌಂಡೂ ಇದೇ.

ಪಂಪ್ ವಾಪಸ್ ಕೂರಿಸಿ, ಸಕ್ಷನ್ ಬಾಯಿ ಹತ್ರ ಟೀ ಹಾಕಿ ವ್ಯಾಕ್ಯೂಮ್ ಗೇಜ್ ಇಟ್ಟೆ. 1800ರಲ್ಲಿ ಮುಳ್ಳು 11 ಇಂಚು ಮರ್ಕ್ಯುರಿ. 5ರ ಒಳಗೆ ಇದ್ರೆ ನೆಮ್ಮದಿ.

ಮೂರನೇ ಭಾನುವಾರ

ಮಾವ ಹೇಳಿದ್ದು, ಹಂಗಾದ್ರೆ 2 ಇಂಚಿನ ಹೋಸ್ ಹಾಕು ಮುಗೀತು ಅಂತ. ಹಾಕಕ್ಕೆ ಜಾಗ ಇಲ್ಲ! ಪಂಪ್ ಕ್ರ್ಯಾಂಕ್ ಪುಲ್ಲಿಗೆ ಅಂಟ್ಕೊಂಡ ಹಾಗೆ ರೇಡಿಯೇಟರ್ ಅಡಿಗೆ ತೂರಿಸಿಟ್ಟಿದಾರೆ, ಅಷ್ಟು ದಪ್ಪದ ಹೋಸ್ ಅಲ್ಲಿ ಬಗ್ಗಲ್ಲ. ಯಾಕಪ್ಪ ಇಷ್ಟು ಹಿಂದೆ ತಂದು ಇಟ್ರು ಅಂತ ಮಲಗಿ ಟಾರ್ಚ್ ಬಿಟ್ಟು ಚಾಸಿ ಒರೆಸ್ತಾ ಇದ್ದಾಗ ಗ್ರೀಸ್ ಮಣ್ಣಿನ ಅಡಿಯಲ್ಲಿ ನಾಲ್ಕು ಖಾಲಿ ತೂತು ಸಿಕ್ಕಿತು. ಒಂದಡಿ ಮುಂದೆ. ಚಚ್ಚೌಕ, ನೀಟಾಗಿ ಡ್ರಿಲ್ ಮಾಡಿದ್ದು, ಗ್ಯಾಸಲ್ಲಿ ಕೊರೆದಿದ್ದಲ್ಲ. ಪಂಪ್ ಮೊದಲು ಇದ್ದಿದ್ದು ಅಲ್ಲಿ, ಮಧ್ಯದಲ್ಲಿ ಒಂದು ಗಿಡ್ಡ ಜಾಯಿಂಟ್ ಶಾಫ್ಟ್ ಇದ್ದಿರ್ಬೇಕು, ಎರಡು ಕಡೆ ಕ್ರಾಸ್, ಅಂದ್ರೆ ಕೋನದಲ್ಲೂ ತಿರುಗೋ ಜಾಯಿಂಟ್, ಇರೋದು. ಯಾವತ್ತೋ ಶಾಫ್ಟ್ ಹೋಗಿದೆ, ಹಿಂದಿನ ಓನರ್ ಕಾಲದ ಯಾರೋ ಮೆಕ್ಯಾನಿಕ್ ಅದನ್ನ ಕಿತ್ತು ಬಿಸಾಕಿ, ಬ್ರಾಕೆಟ್ ಹಿಂದಕ್ಕೆ ತಂದು ವೆಲ್ಡ್ ಮಾಡಿ ಡೈರೆಕ್ಟ್ ಸ್ಪೈಡರ್ ಕಪ್ಲಿಂಗ್ ಹಾಕ್ಬಿಟ್ಟಿದಾನೆ. ಪಂಪ್ ಹಿಂದೆ ಬಂದ ಮೇಲೆ ಹಳೇ 2 ಇಂಚಿನ ಸಕ್ಷನ್ ಪೈಪ್ ಹೊಂದಲಿಲ್ಲ, ಅದಕ್ಕೆ ಸಣ್ಣ ಹೋಸು. ಒಂದು ಶಾರ್ಟ್‌ಕಟ್ ಮಾಡಕ್ಕೆ ಹೋಗಿ ಎರಡು ಕಾಯಿಲೆ.

ಡೈರೆಕ್ಟ್ ಕಪ್ಲಿಂಗ್ ಯಾಕೆ ಆಗಲ್ಲ ಅಂತ ಮಾವನಿಗೆ ಬಾಯಲ್ಲಿ ಹೇಳಿದ್ರೆ ನಂಬಲ್ಲ, ಅದಕ್ಕೆ ಡಯಲ್ ಗೇಜ್ ಚಾಸಿಗೆ ಕಚ್ಚಿಸಿ ಕಡ್ಡಿ ಇಂಜಿನ್ ಮುಂದಿನ ಕವರಿಗೆ ಮುಟ್ಟಿಸಿಟ್ಟೆ. ಇಂಜಿನ್ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ, ಪಂಪ್ ಕೂತಿರೋದು ಚಾಸಿ ಮೇಲೆ. ಐಡ್ಲಿಂಗಲ್ಲಿ ಮುಳ್ಳು 1 ಎಂಎಂ ಹತ್ರ ನಡುಗ್ತಾ ಇತ್ತು, ಆಫ್ ಮಾಡಿದಾಗ ಇಂಜಿನ್ ಒಂದು ಸಲ ಗಕ್ಕನೆ ಒದರುತ್ತಲ್ಲ, ಆವಾಗ 4 ಎಂಎಂ. ಸ್ಪೈಡರ್ ಕಪ್ಲಿಂಗ್ ತಡ್ಕೊಳೋದು ಎಂಎಮ್ಮಿನ ಹತ್ತರಲ್ಲಿ ಕೆಲವು ಭಾಗ. ಮಾವ ಮುಳ್ಳನ್ನೇ ನೋಡ್ತಾ ಇದ್ರು, ಆಮೇಲೆ "ಮೂರು ಪಂಪಿನ ದುಡ್ಡು ಮಾರಾಯ" ಅಂತ ಎದ್ದು ಟೀ ತರಕ್ಕೆ ಹೋದ್ರು.

ಮಧ್ಯದಲ್ಲಿ ಒಂದು ವಾದ ಆಯ್ತು, ಬರೀಲೇಬೇಕು. ಆಪರೇಟರ್ ಅಣ್ಣಂದು ಐಡಿಯಾ, ಲಾರಿ ಮೇಲಿನ ಕ್ರೇನಿಗೆ ಇರೋ ಹಾಗೆ ಗೇರ್‌ಬಾಕ್ಸಿಂದ ಪಿಟಿಒ (ಪಂಪ್ ತಿರುಗಿಸೋಕೆ ಬೇರೆ ಶಾಫ್ಟ್) ತೆಗೆದು ಪಂಪ್ ಅಲ್ಲಿ ಹಾಕೋಣ, ಬೇಕಾದಾಗ ಮಾತ್ರ ತಿರುಗುತ್ತೆ, ಡೀಸೆಲ್ ಉಳಿಯುತ್ತೆ ಅಂತ. ಲಾರಿ ಕ್ರೇನಿಗೆ ಅದು ಸರಿ, ಅದು ಕಾಲು ಊರಿ ನಿಂತ್ಕೊಂಡು ಎತ್ತೋ ಗಾಡಿ. ಹೈಡ್ರಾ ಎತ್ಕೊಂಡು ನಡೆಯೋ ಗಾಡಿ. ಕ್ಲಚ್ ಮೂಲಕ ಬರೋ ಪಿಟಿಒ ಆದ್ರೆ ಕ್ಲಚ್ ತುಳಿದ ತಕ್ಷಣ ಪಂಪ್ ನಿಲ್ಲುತ್ತೆ, ಪಂಪ್ ನಿಂತ್ರೆ ಸ್ಟೇರಿಂಗೂ ಹೋಯ್ತು, ಯಾಕಂದ್ರೆ ಗಾಡಿ ಸೊಂಟ ತಿರುಗಿಸೋದೇ ಎರಡು ಹೈಡ್ರಾಲಿಕ್ ಸಿಲಿಂಡರ್. ಬೂಮಿನ ತುದಿಯಲ್ಲಿ 3 ಟನ್ ಲೇತ್ ನೇತಾಡ್ತಿರುವಾಗ ಗೇರ್ ಬದಲಾಯಿಸಕ್ಕೆ ಹೋಗಿ ಸ್ಟೇರಿಂಗ್ ಕೈ ಕೊಟ್ರೆ? ಅದಕ್ಕೇ ಕ್ರ್ಯಾಂಕಿಂದ ನೇರ, ಇಂಜಿನ್ ಓಡ್ತಿರೋ ತನಕ ಪಂಪ್ ಓಡ್ತಾನೇ ಇರ್ಬೇಕು.

ದೊಡ್ಡ ಕ್ರೇನುಗಳಲ್ಲಿ ಇದೇ ತಲೆನೋವನ್ನ ಬೇರೆ ಬೇರೆ ಥರ ಬಗೆಹರಿಸ್ತಾರೆ. ಜರ್ಮನಿಯ ಲೀಬ್‌ಹೆರ್ ಕಂಪನಿಯ 1200 ಟನ್ನಿಂದು, ಎಲ್‌ಟಿಎಂ 11200-9.1, ಅದರಲ್ಲಿ ಓಡ್ಸೋಕೆ ಕೆಳಗೊಂದು ಇಂಜಿನ್, ಎತ್ತೋಕೆ ಮೇಲೊಂದು ಇಂಜಿನ್. ಅದೇ ಕಂಪನಿಯ ಕೆಲವು ಹೊಸ ಮಾಡೆಲ್‌ಗಳಲ್ಲಿ ಮೇಲಿನ ಇಂಜಿನ್ನೇ ಇಲ್ಲ, ಕೆಳಗಿನ ಇಂಜಿನ್ನಿಂದ ಶಾಫ್ಟ್ ಮೇಲಕ್ಕೆ ಹೋಗಿ ಅಲ್ಲಿನ ಪಂಪುಗಳನ್ನ ತಿರುಗಿಸುತ್ತೆ. ಅಷ್ಟು ದೊಡ್ಡ ಗಾಡಿಯಲ್ಲೂ ಕೊನೆಗೆ ಶಾಫ್ಟೇ.

ನಾಲ್ಕನೇ ಭಾನುವಾರ, ಮಧ್ಯದ ಒಂದೆರಡು ರಾತ್ರಿನೂ ಸೇರಿ

ಗುಜರಿಯಲ್ಲಿ ಹಳೇ ಜೀಪ್ ಶಾಫ್ಟ್ ಸಿಕ್ತು, ಉದ್ದ ಹೆಚ್ಚು ಕಡಿಮೆ ಆಗೋಕೆ ಜಾರೋ ಸ್ಲಿಪ್ ಸ್ಪ್ಲೈನ್ ಚೆನ್ನಾಗಿದೆ. ಕತ್ತರಿಸಿ ಕ್ರಾಸ್ ಸೆಂಟರಿಂದ ಸೆಂಟರಿಗೆ 310 ಎಂಎಂ ಬರೋ ಹಾಗೆ ಮಾಡಿ, ವಿ-ಬ್ಲಾಕ್ ಮೇಲಿಟ್ಟು ವೆಲ್ಡ್ ಮಾಡ್ಸಿದೆ, ಔಟ್ (ತಿರುಗುವಾಗ ಆಚೀಚೆ ಆಗೋದು) 0.15 ಎಂಎಂ ಬಂತು, ಇಷ್ಟು ಗಿಡ್ಡ ಶಾಫ್ಟಿಗೆ 1800ರಲ್ಲಿ ಸಾಕು. ಕ್ರಾಸ್ ಎರಡೂ ಹೊಸದು. ಪಂಪ್ ಕಡೆ ಹಬ್ 13 ಹಲ್ಲಿನ ಸ್ಪ್ಲೈನ್, ಅದನ್ನ ಇಎನ್ 19 ಸ್ಟೀಲಲ್ಲಿ ನಮ್ಮ ಶಾಪಲ್ಲೇ ವೈರ್ ಕಟ್ ಮಾಡ್ಸಿದೆ (ಓನರಿಗೆ ಹೇಳೇ ಮಾಡ್ಸಿದ್ದು, ಕದ್ದಲ್ಲ). ಹಬ್ಬನ್ನ ಆದಷ್ಟು ಗಿಡ್ಡ ಇಟ್ಟೆ, ಕ್ರಾಸ್ ಪಂಪಿನ ಮೂತಿಗೆ ಹತ್ರ ಇರ್ಲಿ ಅಂತ. ಗೇರ್ ಪಂಪ್ ಒಳಗಿರೋದು ಬುಷ್ಷು, ಶಾಫ್ಟನ್ನ ಪಕ್ಕಕ್ಕೆ ಎಳೆಯೋ ಭಾರ ಅದಕ್ಕೆ ಆಗಿಬರಲ್ಲ, ಕ್ರಾಸ್ ದೂರ ಹೋದಷ್ಟೂ ಆ ಎಳೆತ ಜಾಸ್ತಿ.

ಟಾರ್ಕ್ ಲೆಕ್ಕನೂ ಹಾಕಿದೆ, 45 ಸಿಸಿ 175 ಬಾರಿಗೆ 125 ನ್ಯೂಟನ್ ಮೀಟರ್, ಸ್ಟೇರಿಂಗಿಂದು 14 ಸಿಸಿ 120 ಬಾರಿಗೆ 27, ಒಟ್ಟು ಸುಮಾರು 152. ಜೀಪ್ ಶಾಫ್ಟಿಗೆ ಇದು ಹೂವು ಎತ್ತಿದ ಹಾಗೆ.

ಹೊಸ ಪಂಪ್ ತರಕ್ಕೆ ಹೋದಾಗ ಒಂದು ಎಡವಟ್ಟು ಸ್ವಲ್ಪದರಲ್ಲಿ ತಪ್ಪಿತು. ಅಂಗಡಿಯವ್ರು ಯಾವ ರೊಟೇಶನ್ ಅಂದ್ರು, ನಾನು ಫ್ಯಾನ್ ಕಡೆಯಿಂದ ನೋಡಿದ್ದು ನೆನಪಿಟ್ಕೊಂಡು ಕ್ಲಾಕ್‌ವೈಸ್ ಅಂದೆ. ಬಿಲ್ ಆಗಿ ಬಸ್ ಸ್ಟ್ಯಾಂಡ್ ತನಕ ಬಂದ ಮೇಲೆ ಹೊಳೀತು, ಪಂಪಿನ ರೊಟೇಶನ್ ಹೇಳೋದು ಪಂಪಿನ ಶಾಫ್ಟನ್ನ ಎದುರಿಂದ ನೋಡಿ. ನಮ್ಮ ಪಂಪಿನ ಶಾಫ್ಟ್ ಇಂಜಿನ್ ಕಡೆ ಮುಖ ಮಾಡಿದೆ, ಅಂದ್ರೆ ಎದುರಾಬದುರಾ ನಿಂತವ್ರಿಗೆ ಎಡ ಬಲ ಅದಲು ಬದಲು ಆದ ಹಾಗೆ, ನಮಗೆ ಬೇಕಿರೋದು ಆಂಟಿ ಕ್ಲಾಕ್‌ವೈಸ್. ವಾಪಸ್ ಓಡಿ ಬದಲಾಯಿಸ್ಕೊಂಡು ಬಂದೆ. ಉಲ್ಟಾ ಹಾಕಿದ್ರೆ ಪ್ರೆಶರ್ ಸಕ್ಷನ್ ಕಡೆ ಹೋಗಿ ಶಾಫ್ಟ್ ಸೀಲ್ ಮೊದಲ ನಿಮಿಷದಲ್ಲೇ ಹಾರ್ತಿತ್ತು.

ಐದನೇ ಭಾನುವಾರ

ಹಳೇ ತೂತಿಗೇ ಬ್ರಾಕೆಟ್ ಕೂರಿಸಿ ಪಂಪ್ ಹಾಕಿದ್ವಿ, 2 ಇಂಚಿನ ವೈರ್ ಸುತ್ತಿದ ಸಕ್ಷನ್ ಹೋಸ್, ಸ್ಟ್ರೈನರ್ ಹೊಸದು, 68 ನಂಬರ್ ಆಯಿಲ್. ಪಂಪ್ ಬಾಯಿಗೆ ಆಯಿಲ್ ತುಂಬಿ, ಕೈಯಲ್ಲಿ ತಿರುಗಿಸಿ, ಆಮೇಲೆ ಸ್ಟಾರ್ಟ್. ಕರಕರ ಹೋಗಿದೆ! ಖುಷಿ ಎರಡು ನಿಮಿಷ. 1200 ದಾಟಿದ ಮೇಲೆ ಇಡೀ ಚಾಸಿ ಗುಂಯ್ ಅಂತ ನಡುಗಕ್ಕೆ ಶುರು, ಕ್ಯಾಬಿನ್ನಿನ ಕನ್ನಡಿಯಲ್ಲಿ ಮಾವನ ಮುಖ ಎರಡೆರಡು ಕಾಣ್ತಿತ್ತು.

ಎರಡು ತಪ್ಪು, ಎರಡೂ ನಂದೇ. ಒಂದು, ನಾನು ಮಾಡಿದ ಬ್ರಾಕೆಟ್ಟಲ್ಲಿ ಪಂಪ್ 55 ಎಂಎಂ ತಗ್ಗಲ್ಲಿ ಕೂತಿತ್ತು, 310ಕ್ಕೆ 55 ಅಂದ್ರೆ 10 ಡಿಗ್ರಿ. ಇನ್ನೊಂದು, ಸ್ಲಿಪ್ ಸ್ಪ್ಲೈನ್ ಜೋಡಿಸುವಾಗ ಎರಡು ಹಲ್ಲು ತಪ್ಪಿಸಿದ್ದೆ. 16 ಹಲ್ಲಲ್ಲಿ ಎರಡು ಅಂದ್ರೆ 45 ಡಿಗ್ರಿ, ಎರಡು ಕಡೆಯ ಯೋಕ್ (ಕ್ರಾಸ್ ಹಿಡಿಯೋ ಕವೆ) ಒಂದೇ ನೇರದಲ್ಲಿ ಇರ್ಲಿಲ್ಲ. ಕ್ರಾಸ್ ಜಾಯಿಂಟ್ ಕೋನದಲ್ಲಿ ತಿರುಗಿದ್ರೆ ಒಂದು ಸುತ್ತಿಗೆ ಎರಡು ಸಲ ವೇಗ ಹೆಚ್ಚು ಕಡಿಮೆ ಮಾಡುತ್ತೆ, 10 ಡಿಗ್ರಿಗೆ ಒಂದೂವರೆ ಪರ್ಸೆಂಟ್ ಆಚೆ ಈಚೆ. ಎರಡೂ ಯೋಕ್ ಒಂದೇ ನೇರದಲ್ಲಿ ಇದ್ದು ಕೋನ ಎರಡು ಕಡೆನೂ ಸಮ ಇದ್ರೆ ಒಂದು ಮಾಡಿದ್ದನ್ನ ಇನ್ನೊಂದು ಅಳಿಸುತ್ತೆ. ನಂದರಲ್ಲಿ ಅಳಿಸೋ ಬದಲು ಉಳೀತಿತ್ತು.

ಬಿಚ್ಚಿ ಯೋಕ್ ನೇರ ಮಾಡಿ ಈ ಸಲ ಪಂಚ್ ಗುರುತು ಹಾಕಿದೆ. ಪಂಪ್ ಅಡಿಗೆ 30 ಎಂಎಂ ಪ್ಯಾಕಿಂಗ್ ಪ್ಲೇಟ್ ಕೊಟ್ಟೆ, ಕೋನ 4.6ಕ್ಕೆ ಇಳೀತು. ಮಾವ "ಪೂರ್ತಿ ನೇರನೇ ಮಾಡ್ಬಿಡೋ" ಅಂದ್ರು. ಬೇಡ ಮಾವ ಅಂದೆ, ಸೊನ್ನೆ ಆದ್ರೆ ಕ್ರಾಸ್ ಒಳಗಿನ ಸೂಜಿ ಬೇರಿಂಗ್ ಅಲ್ಲಾಡೋದೇ ಇಲ್ಲ, ಒಂದೇ ಜಾಗದಲ್ಲಿ ಕೂತು ಕೂತು ಗೆರೆ ಬೀಳುತ್ತೆ, ಚೂರು ಕೋನ ಇರ್ಬೇಕು.

ಆರನೇ ಭಾನುವಾರ

ನಡುಕ ಇಲ್ಲ. ವ್ಯಾಕ್ಯೂಮ್ 3 ಇಂಚು. ರಿಲೀಫ್ ವಾಲ್ವ್, ಅಂದ್ರೆ ಪ್ರೆಶರ್ ಮಿತಿ ಮೀರದ ಹಾಗೆ ತಡೆಯೋದು, 175 ಬಾರಿಗೆ ಸೆಟ್ ಮಾಡಿದೆ, ಯಾರೋ ಬೂಮ್ ಏಳಲ್ಲ ಅಂತ ಸ್ಕ್ರೂ ಬಿಗಿದು 210ಕ್ಕೆ ತಂದಿಟ್ಟಿದ್ರು. ಬೂಮ್ 20 ಸೆಕೆಂಡಿಗೆ ಮೇಲೆ, ಅಂದ್ರೆ ನಿಮಿಷಕ್ಕೆ 73 ಲೀಟರ್ ಮೇಲೆ ಬರ್ತಿದೆ. 2 ಟನ್ ಕಾಂಕ್ರೀಟ್ ದಿಮ್ಮಿ ಕಟ್ಟಿ, ಕೆಳಗೆ ಯಾರನ್ನೂ ಬಿಡದೇ, ಹತ್ತು ಸಲ ಎತ್ತಿ ಇಳಿಸಿ ಅಂಗಳದಲ್ಲಿ ಒಂದು ಸುತ್ತು ನಡೆಸಿದ್ವಿ. ಹಬ್ ಕಳಚಿ ಸ್ಪ್ಲೈನ್ ಮೇಲೆ ಬೆರಳಿಟ್ಟೆ, ಬರೀ ಗ್ರೀಸು, ಕೆಂಪಿಲ್ಲ. 50 ಗಂಟೆ ಓಡಿದ ಮೇಲೆ ಮತ್ತೆ ನೋಡ್ಬೇಕು, ಆವಾಗ ರಿಟರ್ನ್ ಫಿಲ್ಟರೂ ಬದಲಾಯಿಸ್ಬೇಕು, ಹಳೇ ಪಂಪಿನ ಪುಡಿ ಲೈನಲ್ಲಿ ಇನ್ನೂ ಇರುತ್ತೆ.

ಬಾಕಿ ಇರೋದು ಶಾಫ್ಟ್ ಗಾರ್ಡ್. ತಿರುಗೋ ಕ್ರಾಸ್ ಬರಿಮೈಲಿದೆ, ಆಪರೇಟರ್ ಅಣ್ಣ ಲುಂಗಿಯಲ್ಲಿ ಬಗ್ಗಿ ಆಯಿಲ್ ನೋಡೋ ಅಭ್ಯಾಸದವ್ರು. ಗಾರ್ಡ್ ಆಗೋ ತನಕ ಕೀ ನನ್ನ ಹತ್ರ ಇರ್ಲಿ ಅಂದೆ, ಮಾವ ಕೊಟ್ಟಿದಾರೆ, ಆದ್ರೆ ಸೋಮವಾರ ಬಾಡಿಗೆ ಒಪ್ಕೊಂಡಿದೀನಿ ಅಂತ ಬೆಳಗ್ಗೆಯಿಂದ ಮೂರು ಸಲ ಫೋನು. 3 ಎಂಎಂ ಶೀಟ್ ಬಗ್ಗಿಸಕ್ಕೆ ಈಗ ಹೊರಟೆ.