ಲಗ್ನ ಯಾಕ ಲಗೂನ ಆಗಲಿಲ್ಲ?

ಪ್ರಶ್ನೆ ನೇರವಾಗಿ ಬರುವುದಿಲ್ಲ, ಊಟದ ವೇಷದಲ್ಲಿ ಬರುತ್ತದೆ. "ನಿನ್ನ ಹುಗ್ಗಿ ಯಾವಾಗ?" ವಿಜಯಪುರದಲ್ಲಿ ನಾನು ಉಂಡ ಯಾವ ಮದುವೆ ಊಟವೂ ಈ ಮಾತಿಲ್ಲದೆ ಗಂಟಲಿಗಿಳಿದಿಲ್ಲ. ಹೋದ ವೈಶಾಖದಲ್ಲಿ, ಮಂಟಪದ ಫ್ಯಾನು ಬಿಸಿಗಾಳಿಯನ್ನೇ ಹಂಚುತ್ತಿದ್ದಾಗ, ದೊಡ್ಡವ್ವ ಹುಗ್ಗಿಗೆ ತುಪ್ಪ ಹಾಕಲು ಬಂದವಳು ಮಿಳ್ಳೆ ಎತ್ತಿ ಹಿಡಿದು ನಿಂತುಬಿಟ್ಟಳು. ಉತ್ತರ ಬರದೆ ತುಪ್ಪ ಬೀಳುವಂತಿರಲಿಲ್ಲ. "ಬರೂ ವರ್ಷ" ಅಂದೆ. ತುಪ್ಪ ಬಿತ್ತು.

ನನಗೆ 34. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ, ಬಾಯಿ ಸೋತಿದೆ.

"ಯಾಕ ತಡ ಮಾಡೀದಿ?" ಅಂತಾರೆ. ಬಸ್ಸು ತಡ ಆಗುತ್ತದೆ, ಮಳೆ ತಡ ಆಗುತ್ತದೆ. ಅವಕ್ಕೊಂದು ಹೊತ್ತು ಗೊತ್ತಿದೆ. ನನ್ನ ಹೊತ್ತು ಯಾರ ಕಿಸೆಯಲ್ಲಿದೆ? ನಮ್ಮ ಕಡೆ ಮದುವೆಗೆ ಲಗ್ನ ಅಂತೀವಿ, ಬೇಗ ಅನ್ನೋದಕ್ಕೆ ಲಗೂ ಅಂತೀವಿ. ಎರಡೂ ಅವಳಿ-ಜವಳಿ ಅಂತ ಮಂದಿ ತಿಳಿದ ಹಾಗಿದೆ. "ಭಾಳ ಆರಸ್ತಾಳ" ಅನ್ನುವವರೂ ಉಂಟು. ಹೌದು, ಆರಿಸುತ್ತೇನೆ. ಸಂತೆಯಲ್ಲಿ ಒಂದೊಂದು ಬದನೆಕಾಯಿಯನ್ನೂ ತಿರುಗಿಸಿ ತಿರುಗಿಸಿ ಹುಳ ಹುಡುಕುವ ಕಾಕು ಈ ಮಾತು ಹೇಳಬಾರದು.

ಆರಿಸಿದ್ದರ ಒಂದು ಸಂಗತಿ ಹೇಳುತ್ತೇನೆ. ಐದಾರು ವರ್ಷದ ಹಿಂದೆ ಕನ್ಯಾ ನೋಡಾಕ ಬಂದರು. ಜೀಪಿನ ತುಂಬ ಹನ್ನೊಂದು ಮಂದಿ. ಅವರಲ್ಲಿ ವರ ಯಾರು ಅಂತ ತಿಳಿಯುವಷ್ಟರಲ್ಲಿ ಅವಲಕ್ಕಿ ತಟ್ಟೆ ಹಂಚಿ ಮುಗಿದಿತ್ತು. ವರ ಮಾತಾಡಲಿಲ್ಲ, ಅವನ ಸೋದರಮಾವ ಮಾತಾಡಿದ. "ಪಗಾರ ಎಷ್ಟ್ರಿ?" ಹೇಳಿದೆ. "ಅದಲ್ರಿ, ಎಲ್ಲಾ ಕಟ್ ಆಗಿ ಕೈಗೆ ಬರೂದು?" ಅದನ್ನೂ ಹೇಳಿದೆ. ಚಮಚ ಕೆಳಗಿಟ್ಟು, ಬೆರಳು ಮಡಚಿ ಲೆಕ್ಕ ಹಾಕಿ, ಅಪ್ಪನ ಕಡೆ ತಿರುಗಿ, "ಹುಂಡಾ ಏನೂ ಬ್ಯಾಡ್ರಿ ನಮಗ, ನೌಕರಿ ಐತಲ್ಲ" ಅಂದ. ದೊಡ್ಡ ಮನಸ್ಸಿನವರು ಅಂತ ನಮ್ಮವರೆಲ್ಲ ತಲೆಯಾಡಿಸಿದರು. ಹುಂಡಾ, ಅಂದರೆ ವರದಕ್ಷಿಣೆ, ಕೊಡುವುದೂ ತಪ್ಪು, ತೊಗೊಳ್ಳುವುದೂ ತಪ್ಪು ಅಂತ 1961ರಲ್ಲೇ ಕಾಯ್ದೆ ಬಂದಿದೆ. ಆ ಮಾವನ ಲೆಕ್ಕದಲ್ಲಿ, ಅರವತ್ತು ತುಂಬುವ ತನಕ ತಿಂಗಳ ಕಂತಿನಲ್ಲಿ ಕಟ್ಟಿದರೆ ಅದು ಹುಂಡಾ ಅಲ್ಲ.

"ನಿಮ್ಮ ಹುಡುಗಂದು ಕಟ್ ಆಗಿ ಎಷ್ಟು ಬರ್ತೈತ್ರಿ?" ಅಂದೆ. ಜೀಪು ಚಹಾಕ್ಕೂ ನಿಲ್ಲಲಿಲ್ಲ.

ನಾನು ಎಂ.ಎಸ್ಸಿ. ಓದಿದ್ದು ತೊರವಿಯ ಮಹಿಳಾ ವಿಶ್ವವಿದ್ಯಾಲಯದಲ್ಲಿ. 2003ರಲ್ಲಿ ಶುರುವಾದ ಅದಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರಿಟ್ಟರು. ಅರಮನೆ ಒಲ್ಲೆ ಅಂತ ಎದ್ದು ನಡೆದವಳ ಹೆಸರು. ಅವತ್ತು ವಾಟ್ಸಾಪಿನಲ್ಲಿ ಹೆಮ್ಮೆಪಟ್ಟ ನಮ್ಮ ಕಾಕಾ ಮರುವಾರ ನನಗೊಂದು ವರನ ಬಯೋಡೇಟಾ ಕಳಿಸಿದ್ದ. ಇರಲಿ.

ನನ್ನನ್ನು ಇಷ್ಟು ಸಲ ಕೇಳಿದವರು ಒಮ್ಮೆಯಾದರೂ ಅವ್ವನ ಹತ್ತಿರ ಹೋಗಿ, "ನಿಂದ್ಯಾಕ ಅಷ್ಟು ಲಗೂ ಮಾಡಿದ್ರ?" ಅಂತ ಕೇಳಬೇಕಿತ್ತು. 1990. ಅವ್ವನಿಗೆ ಹದಿನೈದು, ಒಂಬತ್ತನೇತ್ತೆ. ವರ ಸೋದರಮಾವನೇ, ಅಂದರೆ ನಮ್ಮಪ್ಪ. ಮನೆಯೊಳಗಿನ ಹುಡುಗ, ಹೊಲ ಹೊರಗೆ ಹೋಗುವುದಿಲ್ಲ, ಮುತ್ತಜ್ಜಿಗೂ ಕಣ್ಣು ಮುಚ್ಚುವುದರೊಳಗೆ ನೋಡಬೇಕಿತ್ತು. ಬಾಲ್ಯವಿವಾಹ ತಡೆಯುವ 1929ರ ಕಾಯ್ದೆಯಲ್ಲಿ ಹುಡುಗಿಗೆ 14 ಇದ್ದದ್ದು 1978ರಲ್ಲಿ 18ಕ್ಕೆ ಬಂದು ಹನ್ನೆರಡು ವರ್ಷ ಆಗಿತ್ತು. ನಮ್ಮ ಊರಿಗೆ ಬಂದಿರಲಿಲ್ಲ. ಅಕ್ಕಿಕಾಳು ಹಾಕಲು ಬಂದವರಲ್ಲಿ ಅವ್ವನ ಗಣಿತದ ಮಾಸ್ತರರೂ ಇದ್ದರಂತೆ. ಎರಡು ಸಲ ಹುಗ್ಗಿ ಹಾಕಿಸಿಕೊಂಡರಂತೆ. ಅವಳ ಕಂಪಾಸ್ ಪೆಟ್ಟಿಗೆ ಇನ್ನೂ ಟ್ರಂಕಿನಲ್ಲಿದೆ. ಒಳಗೆ ಕುಪ್ಪಸದ ಹುಕ್ಕು, ಪಿನ್ನು, ಒಂದು ಗುಂಡಿ. ಅವುಗಳ ಅಡಿಯಲ್ಲಿ ಕಾಲು ಬಿಚ್ಚಲು ಬಾರದಷ್ಟು ತುಕ್ಕು ಹಿಡಿದ ಕೈವಾರ.

ಹಳೇ ಕಾಲದ್ದು ಬಿಡು ಅನ್ನಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳನ್ನು ಲೆಕ್ಕ ಹಾಕಿದಾಗ, ನೂರಕ್ಕೆ 21.3 ಮಂದಿಗೆ ಹದಿನೆಂಟು ತುಂಬುವುದರೊಳಗೇ ಮದುವೆ ಆಗಿತ್ತು. ಹಾಜರಿ ಕೂಗುವವಳು ನಾನು. ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಒಂದು ಹೆಸರಿಗೆ "ಎಸ್ ಟೀಚರ್" ಬರುವುದಿಲ್ಲ, ಪಕ್ಕದವಳು ನೆಲ ನೋಡುತ್ತಾಳೆ. ಆಕೆಗೆ ಯಾಕಿಷ್ಟು ಲಗೂ ಅಂತ ತುಪ್ಪ ಎತ್ತಿ ಹಿಡಿದು ನಿಂತವರು ಯಾರೂ ಇಲ್ಲ.

ಒಂದು ಸಲ ನಾನು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಹತ್ತನೇತ್ತೆ ಹುಡುಗಿ, ಅರಿಷಿಣ ಹಚ್ಚುವುದಕ್ಕೆ ಎರಡು ದಿನ ಇತ್ತು. ಅಧಿಕಾರಿಗಳು ಬಂದರು, ಅವಳ ಅಪ್ಪ ಮುಚ್ಚಳಿಕೆ ಬರೆದುಕೊಟ್ಟ. ಫೋನ್ ಮಾಡಿದ್ದು ಯಾರು ಅಂತ ಊರಿಗೆ ತಿಳಿಯಲು ಒಂದು ಸಂಜೆ ಸಾಕಾಯಿತು. ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಆತ ನನ್ನನ್ನು ತಡೆದು ನಿಲ್ಲಿಸಿದ. "ನಿಮ್ಮದಾಗಿಲ್ಲ ಅಂತ ಹೊಟ್ಟಿಕಿಚ್ಚಿಗೆ ನಮ್ಮದು ತಪ್ಪಸ್ತೀರೇನ್ರಿ ಟೀಚರ್?" ಬಸ್ಸಿಗೆ ನಿಂತವರೆಲ್ಲ ನಕ್ಕರು. ನನಗೆ ಅಂದು ಯಾವ ಉತ್ತರವೂ ಹೊಳೆಯಲಿಲ್ಲ. ಕಿವಿ ಮಾತ್ರ ಸುಡುತ್ತಿತ್ತು.

ಆ ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾದಳು. ಗಣಿತದಲ್ಲಿ ಅಂಥಾ ದೊಡ್ಡ ಅಂಕವೇನಲ್ಲ, ಆದರೆ ಪಾಸು. ಪೇಡೆ ಡಬ್ಬಿ ಹಿಡಿದು ಸ್ಟಾಫ್ ರೂಮಿಗೆ ಬಂದಳು. ನಾನು ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ ಹಾಗೆ, ಮೆಲ್ಲಗೆ, "ಟೀಚರ್, ನೀವ್ಯಾಕ ಇನ್ನಾ ಲಗ್ನ ಆಗಿಲ್ರಿ?" ಅಂದಳು.

ಇನ್ನೆರಡು ಪೇಡೆ ತೊಗೊಂಡೆ. ಬಾಯಿ ತುಂಬಿತ್ತು, ಹೇಳಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.