‘ಕ್ಲೀನ್ ಆಗಿದೆ’ ಎಂದು ಬರೆದಿಟ್ಟ ಟ್ರೇ

ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ತೊಳೆದು, ಸ್ಟೆರಿಲೈಸ್ ಮಾಡಿ ಆಪರೇಷನ್ ಥಿಯೇಟರಿಗೆ ಕಳಿಸುವ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ಸೇರಿದ ಮೊದಲ ವರ್ಷದಲ್ಲಿ ಒಂದು ರಾತ್ರಿ ಪಾಳಿ ಮುಗಿಯುವಾಗ, ತೊಳೆದು ಒಣಗಿಸಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಟ್ರೇಯೊಂದರ ಬಗ್ಗೆ ರಿಜಿಸ್ಟರಿನಲ್ಲಿ ‘ಕ್ಲೀನ್ ಆಗಿದೆ’ ಎಂದು ಬರೆದು ಮನೆಗೆ ಹೋದೆ. ಬರೆದದ್ದು ಸುಳ್ಳಾಗಿರಲಿಲ್ಲ. ಆದರೆ ಬೆಳಗಿನ ಪಾಳಿಯವರು ಅದನ್ನು ‘ಸ್ಟೆರೈಲ್ ಆಗಿದೆ’ ಎಂದು ತಿಳಿದು ಸ್ಟೆರೈಲ್ ಕಪಾಟಿಗೆ ಸೇರಿಸಿಬಿಟ್ಟರು. ಥಿಯೇಟರಿನಲ್ಲಿ ಪೊಟ್ಟಣ ಬಿಚ್ಚುವ ಮುನ್ನ ನರ್ಸ್ ಒಬ್ಬರು ಅದಕ್ಕೆ ಅಂಟಿಸಿದ್ದ, ಬಿಸಿ ತಾಗಿದರೆ ಬಣ್ಣ ಬದಲಾಗುವ ಟೇಪನ್ನು ಗಮನಿಸಿದರು. ಕಪ್ಪಾಗಬೇಕಿದ್ದ ಓರೆಗೆರೆಗಳು ಮಾಸಲು ಬಣ್ಣದಲ್ಲೇ ಉಳಿದಿದ್ದವು. ಆ ಟ್ರೇ ಆಟೋಕ್ಲೇವಿನೊಳಗೆ, ಅಂದರೆ ಒತ್ತಡದ ಹಬೆಯಿಂದ ಸ್ಟೆರಿಲೈಸ್ ಮಾಡುವ ಯಂತ್ರದೊಳಗೆ, ಹೋಗಿಯೇ ಇರಲಿಲ್ಲ.

‘ಸ್ವಚ್ಛ’ ಎಂಬುದು ಬಹಳ ಅಗಲವಾದ ಪದ. ಗುಡಿಸಿದ ನೆಲವೂ ಸ್ವಚ್ಛ, ಕಲೆಯಿಲ್ಲದ ಕತ್ತರಿಯೂ ಸ್ವಚ್ಛ. ಎಷ್ಟು ಎಂಬುದನ್ನು ನೋಡುವವರ ಕಣ್ಣು ತೀರ್ಮಾನಿಸುತ್ತದೆ. ‘ಸ್ಟೆರೈಲ್’ ಎಂಬುದಕ್ಕೆ ‘ಸುಮಾರಾಗಿ’ ಎಂದು ಸೇರಿಸಲು ಬರುವುದಿಲ್ಲ. ಸ್ಪೋರ್‌ಗಳೂ (ಕೆಲವು ಬ್ಯಾಕ್ಟೀರಿಯಾಗಳು ತಾಳುವ, ಸುಲಭವಾಗಿ ಸಾಯದ ಗಟ್ಟಿ ರೂಪ) ಸೇರಿದಂತೆ ಒಂದು ಸೂಕ್ಷ್ಮಜೀವಿಯಾದರೂ ಬದುಕಿ ಉಳಿಯುವ ಸಾಧ್ಯತೆ 10 ಲಕ್ಷದಲ್ಲಿ ಒಂದನ್ನು ಮೀರಬಾರದೆಂಬುದು ಅದರ ಅಳತೆ. ಹಬೆಯಲ್ಲಾದರೆ ಸಾಮಾನ್ಯವಾಗಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 15 ನಿಮಿಷ, ಇಲ್ಲವೇ 134 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷ ಇಡಬೇಕು. ‘ಸ್ವಚ್ಛ’ ಮತ್ತು ‘ಸ್ಟೆರೈಲ್’ ಇವೆರಡರ ನಡುವೆ ‘ಡಿಸ್‌ಇನ್ಫೆಕ್ಟ್’ ಇದೆ. ಅದರಲ್ಲಿ ಹೆಚ್ಚಿನ ರೋಗಾಣುಗಳು ಸಾಯುತ್ತವೆ, ಸ್ಪೋರ್‌ಗಳು ಉಳಿಯಬಹುದು.

ಇಷ್ಟಾದ ಮೇಲೂ ‘ಸ್ಟೆರೈಲ್’ ಎಂದರೆ ‘ತುಂಬಾ ತುಂಬಾ ಸ್ವಚ್ಛ’ ಎಂದೇ ನಾನು ತಿಳಿದಿದ್ದೆ. ಆ ತಿಳಿವಳಿಕೆ ಮೊದಲಿನ ತಪ್ಪಿಗಿಂತಲೂ ಕೆಟ್ಟದ್ದು ಎಂದು ಈಗ ಅನಿಸುತ್ತದೆ. ಹಿರಿಯ ಸಹೋದ್ಯೋಗಿಯೊಬ್ಬರು ರಕ್ತನಾಳವನ್ನು ಅದುಮಿ ಹಿಡಿಯುವ ಇಕ್ಕಳವಾದ ಒಂದು ಆರ್ಟರಿ ಫೋರ್ಸೆಪ್ಸನ್ನು ಭೂತಗನ್ನಡಿಯ ದೀಪದ ಕೆಳಗೆ ಹಿಡಿದು, ಅದರ ಕೀಲನ್ನು ಅಗಲಿಸಿ ತೋರಿಸಿದರು. ಒಳಗೆ ಸಾಸಿವೆಗಿಂತ ಚಿಕ್ಕದಾದ ಕಂದು ಚುಕ್ಕೆಯಿತ್ತು, ಒಣಗಿದ ರಕ್ತ. “ಇದನ್ನು ಹೀಗೇ ಆಟೋಕ್ಲೇವಿಗೆ ಹಾಕಿದರೆ ಏನಾಗುತ್ತದೆ, ಹೇಳಿ” ಎಂದರು. ನಾನು ಸುಮ್ಮನಿದ್ದೆ. ಅದರ ಅಡಿಗೆ ಹಬೆ ತಲುಪದೆ ಹೋಗಬಹುದು. ತಲುಪಿ ಎಲ್ಲ ಜೀವಿಗಳೂ ಸತ್ತರೂ ರಕ್ತ ರಕ್ತವಾಗಿಯೇ, ಶಾಖಕ್ಕೆ ಇನ್ನಷ್ಟು ಗಟ್ಟಿಯಾಗಿ ಕೂತಿರುತ್ತದೆ. ಸತ್ತ ಬ್ಯಾಕ್ಟೀರಿಯಾಗಳು ಬಿಟ್ಟುಹೋಗುವ ಎಂಡೋಟಾಕ್ಸಿನ್ ಎಂಬ ವಿಷವಸ್ತುಗಳೂ ಆಟೋಕ್ಲೇವಿನ ಬಿಸಿಯನ್ನು ತಾಳಿಕೊಳ್ಳುತ್ತವೆ. ಅಂದರೆ ಜೀವವಿಲ್ಲದಿರುವುದು ಬೇರೆ, ಕೊಳೆಯಿಲ್ಲದಿರುವುದು ಬೇರೆ. ತೊಳೆಯದೆ ಸ್ಟೆರಿಲೈಸ್ ಮಾಡುವಂತಿಲ್ಲ, ಸ್ಟೆರಿಲೈಸ್ ಮಾಡಿದ್ದರಿಂದ ತೊಳೆದಂತಾಗುವುದೂ ಇಲ್ಲ.

ಅಂದು ನಮ್ಮನ್ನು ಕಾಪಾಡಿದ ಟೇಪಿನ ವಿಷಯದಲ್ಲೂ ಇಂಥದ್ದೇ ಗೊಂದಲವಿದೆ. ಗೆರೆ ಕಪ್ಪಾಗಿದ್ದರೆ ಪೊಟ್ಟಣಕ್ಕೆ ಬಿಸಿ ತಾಗಿದೆ ಎಂದಷ್ಟೇ ಅರ್ಥ. ಯಂತ್ರ ನಿಜಕ್ಕೂ ಕೊಲ್ಲುತ್ತಿದೆಯೇ ಎಂದು ತಿಳಿಯಲು, ಶಾಖಕ್ಕೆ ಸುಲಭವಾಗಿ ಸಾಯದ ಜಿಯೋಬ್ಯಾಸಿಲಸ್ ಸ್ಟೀರೋಥರ್ಮೋಫಿಲಸ್ ಎಂಬ ಬ್ಯಾಕ್ಟೀರಿಯಾದ ಸ್ಪೋರ್‌ಗಳನ್ನು ಒಳಗಿಟ್ಟು ಪರೀಕ್ಷಿಸುತ್ತೇವೆ.

ಈಗ ನಮ್ಮ ರಿಜಿಸ್ಟರಿನಲ್ಲಿ ‘ತೊಳೆದದ್ದು’, ‘ಪ್ಯಾಕ್ ಮಾಡಿದ್ದು’, ‘ಸ್ಟೆರಿಲೈಸ್ ಆದದ್ದು’ ಎಂಬ ಮೂರು ಕಲಂಗಳಿದ್ದು, ಕೊನೆಯದರಲ್ಲಿ ಲೋಡ್ ಸಂಖ್ಯೆಯನ್ನು, ಅಂದರೆ ಟ್ರೇ ಆಟೋಕ್ಲೇವಿನ ಯಾವ ಸರದಿಯಲ್ಲಿ ಹೋಯಿತೆಂಬ ಸಂಖ್ಯೆಯನ್ನು, ಬರೆಯದೆ ಸಹಿ ಹಾಕುವಂತಿಲ್ಲ. ಥಿಯೇಟರಿನಿಂದ ಫೋನ್ ಮಾಡಿ “ಟ್ರೇ ಕ್ಲೀನಾಗಿದೆಯಾ?” ಎಂದು ಯಾರಾದರೂ ಕೇಳಿದರೆ, ಹೌದು ಎಂದೂ ಇಲ್ಲ ಎಂದೂ ಹೇಳದೆ, ನಾನು ಆ ಸಂಖ್ಯೆಯನ್ನು ಓದಿ ಹೇಳುತ್ತೇನೆ.