ಇಷ್ಟೆಲ್ಲ ದಾಖಲೆ ಇದ್ದರೂ ಶಾಸಕರಿಗೆ ಶಿಕ್ಷೆ ಯಾಕಾಗುವುದಿಲ್ಲ?

"ಸಾರ್, ಲೋಕಾಯುಕ್ತರು ಅಷ್ಟೆಲ್ಲ ಬರ್ದುಕೊಟ್ರು. ಆದ್ರೂ ಎಮ್ಮೆಲ್ಲೆಗಳಿಗೆ ಶಿಕ್ಷೆ ಯಾಕ ಆಗಂಗಿಲ್ಲ?"

ಬಳ್ಳಾರಿಯಲ್ಲಿ ವಕೀಲಿಕೆ ಮಾಡುವ ನನಗೆ ಮದುವೆ ಊಟದ ಪಂಕ್ತಿಯಲ್ಲೂ ಈ ಪ್ರಶ್ನೆ ತಪ್ಪಿದ್ದಲ್ಲ. "ಎಲ್ಲಾ ಅಡ್ಜಸ್ಟ್‌ಮೆಂಟ್" ಎಂಬ ಉತ್ತರವೂ ಕೇಳುವವರ ಬಾಯಲ್ಲೇ ಇರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ತನಿಖೆ ನಡೆದಿತ್ತು, ಗಟ್ಟಿಯಾಗಿಯೇ ನಡೆದಿತ್ತು.

ಬಳ್ಳಾರಿಯ ಅಕ್ರಮ ಗಣಿಗಾರಿಕೆ ಬಗ್ಗೆ 2011ರ ಜುಲೈ 27ರಂದು ಅಂದಿನ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಕೊಟ್ಟ ವರದಿಗಾಗಿ ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಪರ್ಮಿಟ್, ಲಾರಿ, ಬಂದರು, ಬ್ಯಾಂಕ್ ಖಾತೆಗಳ ಲೆಕ್ಕವನ್ನೆಲ್ಲ ತಾಳೆ ಹಾಕಿತ್ತು. ಪರ್ಮಿಟ್‌ನಲ್ಲಿದ್ದ ಟನ್ನಿಗೂ ಹಡಗು ಹತ್ತಿದ ಟನ್ನಿಗೂ ಹೊಂದಿಕೆಯೇ ಇರಲಿಲ್ಲ. ಅದರಲ್ಲಿ 'ಜೀರೋ ರಿಸ್ಕ್' ಎಂಬ ಏರ್ಪಾಡಿನ ವಿವರವಿದೆ: ದುಡ್ಡು ತೆತ್ತರೆ ಆಯಿತು, ಪರ್ಮಿಟ್ ಇಲ್ಲದ ಅದಿರು ಲಾರಿ ನಿರಾತಂಕವಾಗಿ ಸಾಗುತ್ತಿತ್ತು. ಸಂಡೂರಿನ ರಸ್ತೆಯಲ್ಲಿ ಕೆಂಪು ದೂಳು ಕುಡಿದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಎರಡೇ ದಿನಕ್ಕೆ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು.

ಆದರೆ ವರದಿ ತೀರ್ಪಲ್ಲ. ಲೋಕಾಯುಕ್ತರು ಶಿಫಾರಸು ಮಾಡಬಹುದು, ಶಿಕ್ಷೆ ಕೊಡುವಂತಿಲ್ಲ. ವರದಿಯ ಮಾತು ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಲ್ಲಬೇಕು. ಸಿಬಿಐ ದಾಖಲಿಸಿದ್ದ ಪ್ರಕರಣದಲ್ಲಿ ಯಡಿಯೂರಪ್ಪ 2016ರಲ್ಲಿ ಖುಲಾಸೆಯಾದರು. ಗುಡ್ಡವೊಂದೇ ಆದರೂ ಗಡಿಯಾಚೆಯದು ಆಂಧ್ರಪ್ರದೇಶ. ಅಲ್ಲಿನ ಓಬಳಾಪುರಂ ಗಣಿಯ ಕೇಸನ್ನು ಸಿಬಿಐ ದಾಖಲಿಸಿದ್ದು 2009ರಲ್ಲಿ. ಹೈದರಾಬಾದಿನ ವಿಶೇಷ ನ್ಯಾಯಾಲಯ ಗಣಿ ಉದ್ಯಮಿ, ಮಾಜಿ ಸಚಿವ ಜನಾರ್ದನ ರೆಡ್ಡಿಯವರಿಗೆ 7 ವರ್ಷ ಶಿಕ್ಷೆ ವಿಧಿಸಿದ್ದು 2025ರ ಮೇ 6ರಂದು. ಅಷ್ಟರಲ್ಲಿ ಅವರು ಕೊಪ್ಪಳ ಜಿಲ್ಲೆಯ ಗಂಗಾವತಿಯಿಂದ ಗೆದ್ದು ಶಾಸಕರಾಗಿದ್ದರು. ಶಾಸಕತ್ವ ಹೋಯಿತು, ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಶಿಕ್ಷೆ ಅಮಾನತಿನಲ್ಲಿಟ್ಟಿತು, ಶಾಸಕತ್ವ ಮರಳಿತು. ಮೇಲ್ಮನವಿ ಅವರ ಹಕ್ಕು, ಅದನ್ನು ನಾನು ಪ್ರಶ್ನಿಸುವುದಿಲ್ಲ. ನನ್ನ ಸಿಟ್ಟು ಆ ಹದಿನೈದು ವರ್ಷಗಳ ಮೇಲೆ. ಅಷ್ಟು ಕಾಲದ ಮೇಲೆ ಲಾರಿ ಡ್ರೈವರನನ್ನು ಕಟಕಟೆಗೆ ಕರೆದು ಯಾವ ತಾರೀಖು, ಎಷ್ಟು ಲೋಡು ಎಂದರೆ ಅವನೇನು ಹೇಳಿಯಾನು?

ಇನ್ನು ಅನುಮತಿಯ ಮಾತು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ 17ಎ ಎಂಬ ಕಲಂ ಸೇರಿತು. ಅಧಿಕಾರದಲ್ಲಿದ್ದು ಕೈಗೊಂಡ ನಿರ್ಧಾರದ ಬಗ್ಗೆ ಪೊಲೀಸರು ವಿಚಾರಣೆ ಶುರುಮಾಡಲಿಕ್ಕೇ ಮೊದಲು ಸರ್ಕಾರದ ಒಪ್ಪಿಗೆ ಬೇಕು. ಲಂಚ ಪಡೆಯುವಾಗಲೇ ಸಿಕ್ಕಿಬಿದ್ದರೆ ಬೇಡ. ಪ್ರಾಮಾಣಿಕ ಅಧಿಕಾರಿಗೆ ರಕ್ಷಣೆ ಬೇಕು, ನಿಜ. ಆದರೆ ದೊಡ್ಡವರು ಕೈಯಾರೆ ನೋಟು ಎಣಿಸಿಕೊಳ್ಳುವುದಿಲ್ಲ. ಅವರದ್ದೇನಿದ್ದರೂ ಕಡತದ ಮೇಲಿನ ಸಹಿ. ಕಾನೂನು ಬಾಗಿಲು ಹಾಕಿರುವುದು ಆ ಸಹಿಯ ಮುಂದೆಯೇ.

ಲೋಕಾಯುಕ್ತದ ಪೊಲೀಸ್ ಬಲ ಕಿತ್ತು 2016ರಲ್ಲಿ ಸರ್ಕಾರದ ಅಧೀನದಲ್ಲೇ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಮಾಡಿದ್ದೂ ಇದೇ ಸಾಲಿನದು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆರು ವರ್ಷ ಹೋಗಿದ್ದು ಹೋಯಿತು.

ಹಾಗಾಗಿ ಕೇಳಿದವರಿಗೆ ನಾನು ಹೇಳುವುದು: ನಿಮ್ಮ ಎಮ್ಮೆಲ್ಲೆ ಮತ ಕೇಳಲು ಬಂದಾಗ, ತನಿಖೆಯ ಅನುಮತಿಯನ್ನು ಸರ್ಕಾರದ ಕೈಯಿಂದ ತೆಗೆದು ಸ್ವತಂತ್ರ ಸಂಸ್ಥೆಗೆ ಕೊಡಲು ಸದನದಲ್ಲಿ ದನಿ ಎತ್ತುತ್ತೀರಾ ಎಂದು ಕೇಳಿ. ನಿರಾಕರಿಸಿದರೆ ಕಾರಣವನ್ನು ಜನರ ಮುಂದಿಡಬೇಕೆಂದೂ ಕೇಳಿ. ನಾನಂತೂ ಕೇಳುತ್ತಲೇ ಇದ್ದೇನೆ.